ಅಕ್ಕನ ತೊಡೆಯಲ್ಲಿ ನಿಂತ ಸರಳು

ಇಂಗ್ಲಿಷಿನ ‘ಇಂಪೇಲ್’ ಎಂಬ ಕ್ರಿಯಾಪದವನ್ನು ನಾನು ಮಕ್ಕಳಿಗೆ ಕಲಿಸಿದ್ದು ಒಂದು ಬುಧವಾರ. ಅದೇ ವಾರ, ಶನಿವಾರ ಮಧ್ಯಾಹ್ನ, ಆ ಪದ ನನ್ನ ಅಕ್ಕನ ಮೈಮೇಲೆ ಬಂತು.

ನನ್ನ ಮನೆ ಹುಮನಾಬಾದಿನಲ್ಲಿ, ಕೆಲಸ ಬಸವಕಲ್ಯಾಣದ ಒಂದು ಪ್ರೌಢಶಾಲೆಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಡುವೆ ರಾಜೇಶ್ವರ ಸಿಗುತ್ತದೆ. ಅಕ್ಕನನ್ನು ಕೊಟ್ಟದ್ದು ಅಲ್ಲಿಗೇ. ಶನಿವಾರ ಮುಂಜಾನೆಯ ಶಾಲೆ ಮುಗಿಸಿ ವಾಪಸ್ಸು ಬರುವಾಗ ಅಲ್ಲಿ ಇಳಿದು, ಅವಳ ಕೈಯ ಊಟ ಮಾಡಿ, ಸಂಜೆ ಬಸ್ಸಿಗೆ ಮನೆ ಸೇರುವುದು ನನ್ನ ರೂಢಿ.

ಬುಧವಾರದ ಪಾಠ ಒಂದು ಸಣ್ಣ ಹಕ್ಕಿಯದು. ಕಳಿಂಗ ಎನ್ನುತ್ತಾರಲ್ಲ, ಹಿಡಿದ ಮಿಡತೆಯನ್ನು ತಿನ್ನದೆ ಮುಳ್ಳಿಗೆ ಸಿಕ್ಕಿಸಿ ಇಟ್ಟು, ಹಸಿವಾದಾಗ ಬಂದು ತಿನ್ನುವ ಹಕ್ಕಿ, ಅದು. ಮಿಡತೆಯನ್ನು ಮುಳ್ಳಿಗೆ ‘ಇಂಪೇಲ್’ ಮಾಡುತ್ತದೆ ಎಂದು ಪಾಠದಲ್ಲಿತ್ತು. ನಿಘಂಟು ತೆಗೆದರೆ ‘ಶೂಲಕ್ಕೇರಿಸು’ ಎಂದು ಬರೆದಿತ್ತು. ಅದನ್ನೇ ಓದಿ ಹೇಳಿದೆ. ಮಿಡತೆಯನ್ನು ಶೂಲಕ್ಕೇರಿಸಿದ ಮಾತು ಕೇಳಿ ಇಡೀ ತರಗತಿ ನಕ್ಕಿತು. ಒಬ್ಬ ಹುಡುಗಿ ಎದ್ದು ನಿಂತು, “ಮೇಡಂ, ಚುಚ್ಚೋದು ಅಂದ್ರ ಸಾಲದೇನ್ರಿ? ಪಿಯರ್ಸ್ ಅಂತ ಮೊನ್ನೆ ಕಲಿಸೀರಲ್ರಿ” ಎಂದಳು.

ಪ್ರಶ್ನೆ ಸರಿಯಾಗಿತ್ತು. ನಮ್ಮಲ್ಲಿ ಸೂಜಿ ಚುಚ್ಚುತ್ತದೆ, ಮುಳ್ಳು ನೆಡುತ್ತದೆ, ಎತ್ತು ಹಾಯುತ್ತದೆ, ಚೂರಿ ಇರಿಯುತ್ತದೆ. ಒಂದೊಂದಕ್ಕೂ ಒಂದೊಂದು ಮಾತಿದೆ. ಆದರೆ ಚುಚ್ಚಿದ್ದು ಹೊರಗೆ ಬಾರದೆ, ಚುಚ್ಚಿಸಿಕೊಂಡ ಜೀವ ಅದರ ಮೇಲೇ ನಿಂತುಬಿಟ್ಟರೆ ಅದಕ್ಕೆ ಬೇರೆ ಮಾತು ನನಗೆ ಹೊಳೆಯಲಿಲ್ಲ. ಕಿವಿ ಚುಚ್ಚುವುದು ಪಿಯರ್ಸ್, ಸೂಜಿ ಹೋಗಿ ಬಂದುಬಿಡುತ್ತದೆ. ಇಂಪೇಲ್ ಆದದ್ದು ಅಲ್ಲೇ ಉಳಿಯುತ್ತದೆ ಎಂದು ವಿವರಿಸಿದೆ. ಆ ಹುಡುಗಿ ಸ್ವಲ್ಪ ಯೋಚಿಸಿ, “ನಮ್ಮ ಹೊಲದ ಬದುವಿನ ಜಾಲಿ ಗಿಡದಾಗ ಒಂದು ಮಿಡತಿ ಹಾಂಗೇ ಇತ್ರಿ. ಅದೇ ಹೋಗಿ ಚುಚ್ಚಿಸ್ಕೊಂಡದ ಅಂತ ತಿಳದಿದ್ದೆ” ಎಂದಳು. ನಾನು ಬೋರ್ಡು ಒರೆಸಿ ಮುಂದಿನ ಪದಕ್ಕೆ ಹೋದೆ.

ಆ ಶನಿವಾರ ಅಕ್ಕನ ಮನೆಯಲ್ಲಿ ಹೊಸ ಸ್ಲ್ಯಾಬು ಹಾಕಿ ಇನ್ನೂ ವಾರ ತುಂಬಿರಲಿಲ್ಲ. ಸ್ಲ್ಯಾಬು ಒಣಗದ ಹಾಗೆ ಮುಂಜಾನೆ, ಮಧ್ಯಾಹ್ನ, ಸಂಜೆ ನೀರು ಬಿಡಬೇಕು. ಮೇಲೆ ಹತ್ತಲು ಹೊರಗಿನಿಂದ ಸಿಮೆಂಟಿನ ಮೆಟ್ಟಿಲು ಕಟ್ಟಿದ್ದರು, ಅದಕ್ಕೆ ಕಟಾಂಜನ ಇನ್ನೂ ಇರಲಿಲ್ಲ. ಮೆಟ್ಟಿಲಿನ ಮಗ್ಗುಲಲ್ಲಿ ಮುಂದೊಂದು ದಿನ ಇನ್ನೊಂದು ಕೋಣೆ ಎಬ್ಬಿಸೋಣವೆಂದು ಪಾಯ ಹಾಕಿ, ಕಂಬದ ಸರಳುಗಳನ್ನು ಸೊಂಟದೆತ್ತರ ಮೇಲಕ್ಕೆ ಬಿಟ್ಟಿದ್ದರು. ನಾನೇ ಎಷ್ಟೋ ಸಲ ಅವಕ್ಕೆ ಬ್ಯಾಗು ತೂಗುಹಾಕಿದ್ದೇನೆ.

ಊಟ ಮುಗಿದಿತ್ತು. ನಾನು ಒಳಗೆ ಚಹಾಕ್ಕೆ ನೀರಿಟ್ಟಿದ್ದೆ. ಅಕ್ಕ ನೀರಿನ ಪೈಪು ಎಳೆದುಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಪೈಪು ಕೆಳಗೆ ಎಲ್ಲೋ ಕಲ್ಲಿಗೆ ಸಿಕ್ಕಿಕೊಂಡಿತ್ತಂತೆ. ಅವಳು ಬಲ ಹಾಕಿ ಜಗ್ಗಿದ್ದಾಳೆ, ಅದು ಫಕ್ಕನೆ ಬಿಟ್ಟುಕೊಂಡಿದೆ.

ಅವಳು ಬಿದ್ದದ್ದನ್ನು ನಾನು ನೋಡಲಿಲ್ಲ. ದಪ್ಪ ಬಟ್ಟೆ ಹರಿದಂಥ ಒಂದು ಸಪ್ಪಳ ಕೇಳಿಸಿತು. ಕೂಗು ಇರಲಿಲ್ಲ. ಕೂಗು ಕೇಳಿಸಲಿಲ್ಲವೆಂದೇ ನನಗೆ ಭಯವಾಗಿ ಹೊರಗೆ ಓಡಿದೆ.

ಅಕ್ಕ ಸರಳುಗಳ ನಡುವೆ ಅರ್ಧ ಕೂತ ಹಾಗೆ, ಅರ್ಧ ನಿಂತ ಹಾಗೆ ಇದ್ದಳು. ಒಂದು ಕಾಲಿನ ಬೆರಳು ನೆಲಕ್ಕೆ ತಾಗಿತ್ತು. ಎರಡೂ ಕೈಯಿಂದ ಮೆಟ್ಟಿಲಿನ ಅಂಚು ಹಿಡಿದಿದ್ದಳು. ಒಂದು ಸರಳು ಎಡತೊಡೆಯ ಹಿಂಬದಿಯಿಂದ ಹೋಗಿ ಮುಂದೆ ಸೀರೆಯನ್ನು ಡೇರೆಯ ಹಾಗೆ ಎತ್ತಿ ನಿಂತಿತ್ತು. ರಕ್ತ ಬಹಳ ಇರಲಿಲ್ಲ. ಅವಳು ನನ್ನನ್ನು ನೋಡಿ ಮೆಲ್ಲಗೆ, ಯಾರನ್ನೋ ಎಬ್ಬಿಸಬಾರದೆಂಬಂತೆ, “ತಂಗಿ, ಏನೋ ಆಗ್ಯಾದ ನೋಡ” ಎಂದಳು.

ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ಅವರು ಓಣಿಯ ಕೊನೆಯಲ್ಲಿ ಉಸುಕಿನ ಟ್ರ್ಯಾಕ್ಟರಿನವನ ಜೊತೆ ಮಾತಾಡುತ್ತ ನಿಂತಿದ್ದವರು ನನ್ನ ಚೀರಾಟಕ್ಕೆ ಓಡಿ ಬಂದರು. ಬಂದವರೇ ಅಕ್ಕನ ಕಂಕುಳಿಗೆ ಕೈ ಹಾಕಿ, “ನೀ ಕಾಲ ಹಿಡಿ, ಮ್ಯಾಲೆ ಎತ್ತೂನು” ಎಂದರು. ನಾನು ಕಾಲು ಹಿಡಿದೆ. ಇಬ್ಬರೂ ಎತ್ತಲು ನೋಡಿದೆವು. ಆಗ ಅಕ್ಕ ಕೂಗಿದಳು. ಅಂಥ ಕೂಗು ನಾನು ಅವಳ ಹೆರಿಗೆಯಲ್ಲೂ ಕೇಳಿರಲಿಲ್ಲ. ಇಬ್ಬರ ಕೈಗಳೂ ಹಾಗೇ ನಿಂತವು.

ಆ ನಿಂತ ಗಳಿಗೆಯಲ್ಲಿ ನಾನು ಫೋನು ತೆಗೆದೆ. 108ಕ್ಕೆ ಹೇಳಿದೆ. ಹುಮನಾಬಾದಿನಿಂದ ಗಾಡಿ ಬರುತ್ತದೆ ಎಂದರು. ಆಮೇಲೆ ನಮ್ಮ ಮನೆಯ ಮೇಲಿನ ಅಂತಸ್ತಿನಲ್ಲಿ ಬಾಡಿಗೆಗಿದ್ದ ಡಾಕ್ಟರಿಗೆ ಫೋನು ಹಚ್ಚಿದೆ. ಕೇರಳದ ಹೆಣ್ಣುಮಗಳು, ಬೀದರಿನ ಆಸ್ಪತ್ರೆಯೊಂದರಲ್ಲಿ ಕೆಲಸ. ಕನ್ನಡದಲ್ಲಿ ‘ಊಟ ಆಯ್ತಾ’, ‘ನೀರು ಬಂತಾ’ ಇಷ್ಟೇ ಬರುತ್ತಿತ್ತು. ನಾವಿಬ್ಬರೂ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೆವು.

ಅಕ್ಕ ಬಿದ್ದಿದ್ದಾಳೆ, ಕಬ್ಬಿಣದ ಸರಳು ತೊಡೆಯನ್ನು ‘ಪಿಯರ್ಸ್’ ಮಾಡಿದೆ ಎಂದೆ. ಅವರು ಸಮಾಧಾನದಿಂದಲೇ, ಗಾಯ ಎಷ್ಟು ಆಳ, ರಕ್ತ ಎಷ್ಟು ಹೋಗುತ್ತಿದೆ ಎಂದು ಕೇಳಿದರು. ಸ್ವಚ್ಛ ಬಟ್ಟೆ ಮಡಚಿ ಗಾಯದ ಮೇಲೆ ಬಿಗಿಯಾಗಿ ಒತ್ತಿ ಹಿಡಿಯಿರಿ, ಕಾಲು ಸ್ವಲ್ಪ ಎತ್ತರಿಸಿ ಮಲಗಿಸಿ ಎಂದರು.

ಮಲಗಿಸುವುದು! ಸರಳು ಹೋಗಿ ಬಂದಿದೆ, ಈಗ ಉಳಿದದ್ದು ತೂತು ಮಾತ್ರ ಎಂದು ಅವರು ತಿಳಿದಿದ್ದಾರೆ ಎಂಬುದು ನನಗೆ ಆಗ ಹೊಳೆಯಿತು. ಸರಿಪಡಿಸಲು ಬಾಯಿ ತೆರೆದರೆ ಇಷ್ಟು ವರ್ಷ ಕಲಿಸಿದ ಇಂಗ್ಲಿಷಿನ ಒಂದು ಪೂರ್ತಿ ವಾಕ್ಯವೂ ಬರಲೊಲ್ಲದು. ಕೊನೆಗೆ ಬುಧವಾರದ ಆ ಒಂದು ಪದ ಬಂತು.

“ನೋ, ಡಾಕ್ಟರ್. ಶಿ ಈಸ್ ಇಂಪೇಲ್ಡ್.”

ಆ ಕಡೆಯ ಮಾತಿಗೆ ಒಮ್ಮೆಲೇ ಅವಸರ ಬಂತು.

“ಸರಳು ಒಳಗೇ ಇದೆಯಾ? ಈಗಲೂ?”

“ಇದೆ. ಅವಳು ಅದರ ಮೇಲೇ ಇದ್ದಾಳೆ.”

“ತೆಗೆಯಬೇಡಿ. ಕೇಳಿಸಿತಾ? ಯಾರೂ ಅದನ್ನು ತೆಗೆಯಬಾರದು. ಒಳಗೆ ಯಾವುದಾದರೂ ರಕ್ತನಾಳ ಹರಿದಿದ್ದರೆ ಆ ಸರಳೇ ಈಗ ಅದನ್ನು ಮುಚ್ಚಿ ಹಿಡಿದಿರಬಹುದು.” ಮುಂದಿನ ಮಾತುಗಳು ಒಂದರ ಮೇಲೊಂದು ಬಂದವು. ಅವಳ ಭಾರ ಸರಳಿನ ಮೇಲೆ ಬೀಳದ ಹಾಗೆ ಕೆಳಗೆ ಏನಾದರೂ ಆಸರೆ ಕೊಡಬೇಕು. ಸರಳನ್ನು ತೊಡೆಯ ಕೆಳಗೆ, ನೆಲದ ಕಡೆಗೆ ಕತ್ತರಿಸಬೇಕು. ಒಳಗಿನದು ಒಳಗೇ ಇರಲಿ, ಹಾಗೇ ಬೀದರಿಗೆ ತನ್ನಿ. ಕುಡಿಯಲು ಏನೂ ಕೊಡಬೇಡಿ.

ಫೋನನ್ನು ಸ್ಪೀಕರಿಗೆ ಹಾಕಿ ಮೆಟ್ಟಿಲಿನ ಮೇಲಿಟ್ಟು ನಾನು ಮಾಮಾಗೆ ಹೇಳಿದೆ, “ಮಾಮಾ, ಎತ್ತಬ್ಯಾಡ್ರಿ. ರಾಡ್ ಒಳಗೇ ಇರಬೇಕಂತ. ಕೆಳಗ ಕತ್ತರಿಸಬೇಕಂತ.”

ಅಷ್ಟರಲ್ಲಿ ಓಣಿ ಕೂಡಿತ್ತು. ಎದುರುಮನೆಯ ಹಿರಿಯರೊಬ್ಬರು ಮುಂದೆ ಬಂದರು. ಊರಲ್ಲಿ ಎಲ್ಲರೂ ಅವರಿಗೆ ಕಾಕಾ ಎನ್ನುತ್ತಿದ್ದರು. ದನದ ಕಾಲಿನ ಮೊಳೆ, ಮಂದಿಯ ಹಿಮ್ಮಡಿಯ ಜಾಲಿಮುಳ್ಳು, ಎಲ್ಲ ಕಿತ್ತು ಅನುಭವವಿದ್ದ ಕೈ.

“ಏನ್ ಹೇಳಾಕತ್ತಿ ಟೀಚರಬಾಯಿ? ಮುಳ್ಳ ನೆಟ್ರ ತಗೀತೀವೋ, ಒಳಗ ಇಟ್ಗೊಂಡು ತಿರಗತೀವೋ? ಒಂದ್ ಝಟಕಾ ಕೊಟ್ರ ಹೊರಗ ಬರತದ. ಅರಿಷಿಣ ತುಂಬಿ ಕಟ್ಟೂನು.”

“ಕಾಕಾ, ಇದು ಮುಳ್ಳಲ್ರಿ.”

“ಕಬ್ಬಣ ಒಳಗಿದ್ದಷ್ಟು ಹೊತ್ತು ನಂಜ ಏರತದವ್ವಾ. ಆಕಿ ಮಾರಿ ನೋಡು.”

ಅಕ್ಕನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಕಾಕಾ ಕೆಟ್ಟವರಲ್ಲ, ಅವರು ಹೇಳಿದ್ದು ಅಲ್ಲಿದ್ದ ಎಲ್ಲರಿಗೂ ಸರಿ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ನನ್ನ ಕೈಗೂ ಅದನ್ನು ಕಿತ್ತು ಎಸೆಯಬೇಕೆಂದೇ ಅನಿಸುತ್ತಿತ್ತು. ಇಬ್ಬರು ಗಂಡಸರು ಆಗಲೇ ಅಕ್ಕನ ಎರಡೂ ಬದಿಗೆ ಬಂದು ನಿಂತಿದ್ದರು. ನಾನು ಅಕ್ಕನಿಗೂ ಅವರಿಗೂ ನಡುವೆ ಹೋಗಿ, ತೊಡೆಯಿಂದ ಮೇಲೆದ್ದಿದ್ದ ಸರಳಿನ ತುದಿಗೆ ನನ್ನ ಅಂಗೈ ಅಡ್ಡ ಹಿಡಿದೆ. ಮುಟ್ಟಲಿಲ್ಲ. ಮುಟ್ಟಿದರೆ ಅವಳಿಗೆ ತಿಳಿಯುತ್ತಿತ್ತು.

ಮಾಮಾ ಅಕ್ಕನನ್ನು ಹಾಗೇ ತಬ್ಬಿ ಹಿಡಿದಿದ್ದರು. “ಆ ಡಾಕ್ಟರ್ ಇಲ್ಲಿ ಬಂದು ನೋಡ್ಯಾಳೇನು? ಫೋನಿನ್ಯಾಗ ಆಕಿಗೆ ಏನ್ ತಿಳೀತದ? ನೀ ಹೇಳಿದ್ದು ಆಕಿಗೆ ಸರಿ ತಿಳದದ ಅಂತ ಏನ್ ಗ್ಯಾರಂಟಿ?”

ಆ ಪ್ರಶ್ನೆ ನನಗೆ ನೇರ ಬಂದು ತಾಗಿತು. ಎಲ್ಲವೂ ನಾನು ಹೇಳಿದ ಒಂದು ಪದದ ಮೇಲೆ ನಿಂತಿತ್ತು. ಮೊದಲು ಒಂದು ಪದ ಹೇಳಿದಾಗ ಒಂದು ಸಲಹೆ ಬಂದಿತ್ತು, ಇನ್ನೊಂದು ಹೇಳಿದಾಗ ಅದಕ್ಕೆ ಪೂರಾ ಉಲ್ಟಾ. ಎರಡನೆಯದು ಸರಿಯೆಂದು ನನಗೆ ಗೊತ್ತಿತ್ತು.

“ಸರಿ ತಿಳದದ ಮಾಮಾ. ತಪ್ಪಾದ್ರ ನನ್ನ ಮ್ಯಾಲೆ ಇರಲಿ.”

ಆಗ ಅಕ್ಕನೇ ಬಾಯಿ ಬಿಟ್ಟಳು. “ತಂಗಿ, ತಗಿಸವ್ವಾ. ನಿನ್ನ ಕಾಲ ಬೀಳ್ತೀನಿ. ತಾಳೂದು ಆಗವಲ್ದು.”

“ಇಲ್ಲಕ್ಕ.”

“ಅವ್ವನ ಆಣಿ. ತಗಿಸು.”

“ಇಲ್ಲ.”

“ನೀ ನನ್ನ ತಂಗಿ ಏನ? ವೈರಿ ಅದಿ ನೀ.”

ನಾನು ಅವಳ ಮುಖ ನೋಡಲಿಲ್ಲ. ನೋಡಿದ್ದರೆ ಸೋಲುತ್ತಿದ್ದೆ. ಮಾಮಾನ ಮುಖವನ್ನೇ ನೋಡಿದೆ. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಅವರು ಮಂದಿಯ ಕಡೆ ತಿರುಗಿ, “ಜ್ವಾಳದ ಚೀಲ ತರ್ರಿ ಒಳಗಿಂದು. ಆಕಿ ಕೆಳಗ ಒಟ್ರಿ” ಎಂದರು. ಅಲ್ಲಿಗೆ ವಾದ ಮುಗಿಯಿತು. ಕಾಕಾ ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಒಂದು ಚೀಲಕ್ಕೆ ಕೈ ಹಚ್ಚಿದರು.

ಚೀಲಗಳನ್ನು ಒಂದರ ಮೇಲೊಂದು ಒಟ್ಟಿ, ಮೇಲೆ ಕೌದಿ ಹಾಸಿ, ಅಕ್ಕನ ಸೊಂಟದ ಭಾರ ಅದರ ಮೇಲೆ ಬರುವ ಹಾಗೆ ಮಾಡಿದೆವು. ಯಾರೋ ಫೋನು ಮಾಡಿ ಕರೆದ, ಹೆದ್ದಾರಿಯ ಪಕ್ಕದ ವೆಲ್ಡಿಂಗ್ ಅಂಗಡಿಯವನು ಕಬ್ಬಿಣ ಕತ್ತರಿಸುವ ಮಷಿನ್ನು ಹಿಡಿದುಕೊಂಡು ಬೈಕಿನಲ್ಲಿ ಬಂದ. ಅಕ್ಕನನ್ನು ‘ಆಪಾ’ ಎಂದೇ ಕರೆಯುತ್ತಿದ್ದ ಅವನು ಅವಳನ್ನು ನೋಡಿದ್ದೇ ಹಿಂದಕ್ಕೆ ಸರಿದ. “ಯಾ ಅಲ್ಲಾ. ಆಪಾ, ನನ್ನ ಕೈಲಿ ಆಗಲ್ರಿ. ಗೇಟ್ ಕತ್ತರಿಸಿನಿ, ಖಿಡಕಿ ಕತ್ತರಿಸಿನಿ. ಹಿಂಥಾದ್ದು ಮಾಡಿಲ್ರಿ.” ಮಾಮಾ ಒಂದು ಕೈ ಎತ್ತಿ ಅವನಿಗೆ ಮುಗಿದರು. ಅವನು ಚಪ್ಪಲಿ ಬಿಟ್ಟು, ವೈರು ಬಿಚ್ಚಿ ಪಕ್ಕದ ಮನೆಯ ಪ್ಲಗ್ಗಿಗೆ ಹಾಕಿಸಿದ.

ಸರಳು ಕಾಯುತ್ತದೆ, ಆ ಬಿಸಿ ತೊಡೆಯೊಳಗೆ ಹೋಗುತ್ತದೆ, ನೀರು ಬಿಡುತ್ತಲೇ ಇರಿ ಎಂದು ಡಾಕ್ಟರು ಫೋನಿನಲ್ಲಿ ಕೂಗುತ್ತಿದ್ದರು. ನಾನು ಅದನ್ನು ಕನ್ನಡದಲ್ಲಿ ಕೂಗುತ್ತಿದ್ದೆ. ಅವನು ಅದನ್ನು ತನ್ನಷ್ಟಕ್ಕೆ ಹಿಂದಿಯಲ್ಲಿ ಗುನುಗುತ್ತಿದ್ದ. ಸರಳಿಗೆ ಒದ್ದೆ ಗೋಣಿ ಸುತ್ತಿದೆವು. ಮೇಲಿನಿಂದ ನಾನು ತಂಬಿಗೆಯಲ್ಲಿ ನೀರು ಹೊಯ್ಯುತ್ತ ನಿಂತೆ, ಮಷಿನ್ನಿಗೆ ತಾಗದಂತೆ, ಕೈ ಅಳ್ಳಾಡದಂತೆ. ಕರೆಂಟಿನ ಮಷಿನ್ನಿಗೆ ನೀರು ಬಿದ್ದರೆ ಅವನಿಗೂ ಉಳಿಗಾಲವಿಲ್ಲ. ಮಷಿನ್ನು ಚೀರಿತು. ಕಿಡಿ ಚೀಲಗಳ ಮೇಲೆ ಹಾರಿ ಗೋಣಿ ಸುಟ್ಟ ವಾಸನೆ ಬಂತು. ಅಕ್ಕ ಮಾಮಾನ ಅಂಗಿಯ ತೋಳನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು.

ಸರಳು ಅರ್ಧ ಕೊರೆದಿತ್ತು. ಕರೆಂಟು ಹೋಯಿತು.

ಮಷಿನ್ನಿನ ಚಕ್ರ ಸುಮ್ಮನೆ ತಿರುಗುತ್ತ ನಿಧಾನವಾಗಿ ನಿಂತಿತು. ಯಾರೋ ಸಬ್‌ಸ್ಟೇಷನ್ನಿಗೆ ಫೋನು ಹಚ್ಚಿದರು, ಎತ್ತಲಿಲ್ಲ. ಒಂದು ಮೂಲೆಯಿಂದ ಮತ್ತೆ, “ಎಳದ್ರ ಮುಗೀತಿತ್ತು” ಎಂಬ ಮಾತು ಬಂತು. ಅಕ್ಕನ ತಲೆ ಮಾಮಾನ ಹೆಗಲ ಮೇಲೆ ವಾಲುತ್ತಿತ್ತು. ಮಾತಾಡಿಸಿ, ಮಲಗಲು ಬಿಡಬೇಡಿ ಎಂದು ಫೋನು ಹೇಳಿತು. ನಾನು ಅವಳನ್ನು ಏನು ಮಾತಾಡಿಸಿದೆನೋ ನೆನಪಿಲ್ಲ. ಅವಳ ಕಣ್ಣು ನನ್ನ ಮೇಲೇ ಇದ್ದದ್ದು ಗೊತ್ತಾಗುತ್ತಿತ್ತು.

ವೆಲ್ಡಿಂಗಿನವನು ಚೀಲದಿಂದ ಕೈಗರಗಸ ತೆಗೆದ. “ಹಿಲ್ತದ್ರಿ. ಆಪಾಗೆ ತಕ್ಲೀಫ್ ಆಗ್ತದ.” ಕೈಯಿಂದ ಕೊಯ್ದರೆ ಸರಳು ಅಲುಗುತ್ತದೆ, ಅದರ ನಡುಕ ತೊಡೆಯೊಳಗೆ ಹೋಗುತ್ತದೆ ಎಂದು ಅವನ ಮಾತು. ಕೊನೆಗೆ ನಲ್ಲಿ ಬಿಗಿಯುವ ದೊಡ್ಡ ಪಾನಾದಿಂದ ಸರಳನ್ನು ತೊಡೆಯ ಸ್ವಲ್ಪ ಕೆಳಗೆ ಬಿಗಿಯಾಗಿ ಕಚ್ಚಿ ಹಿಡಿದು ನಿಲ್ಲುವವರು ಒಬ್ಬರು ಬೇಕಾಯಿತು. ಕಾಕಾ ಹಿಡಿದರು. ಅವರ ಮುಂಗೈ ನರಗಳು ಹಗ್ಗದ ಹಾಗೆ ಎದ್ದು ನಿಂತವು. ವೆಲ್ಡಿಂಗಿನವನು ಮೊಣಕಾಲೂರಿ ಗರಗಸ ಎಳೆಯತೊಡಗಿದ. ಪ್ರತಿ ಎಳೆತಕ್ಕೂ ಅಕ್ಕನ ಗಂಟಲಿನಿಂದ ಒಂದು ಸಣ್ಣ ದನಿ ಬರುತ್ತಿತ್ತು. ಅವನು ಅಳುತ್ತ ಕೊಯ್ಯುತ್ತಿದ್ದ. ನಿಲ್ಲಿಸಲಿಲ್ಲ.

ಟಣ್ ಎಂದು ತುಂಡಾಯಿತು. ಅಕ್ಕನನ್ನು ಚೀಲಗಳ ಮೇಲಿಂದ ಎತ್ತಿದೆವು, ಅವಳ ಪೂರ್ತಿ ಭಾರ ಒಮ್ಮೆಲೇ ನಮ್ಮ ಕೈಗೆ ಬಂತು.

ಅಷ್ಟರಲ್ಲಿ 108ರ ಗಾಡಿ ಬಂದು ನಿಂತಿತ್ತು. ಅದರ ನರ್ಸು ಸರಳಿನ ಎರಡೂ ತುದಿಗೆ ಬಟ್ಟೆಯ ಸುರುಳಿ ಇಟ್ಟು, ಅದು ಅಲುಗದ ಹಾಗೆ ಪಟ್ಟಿ ಕಟ್ಟಿದ. “ತೆಗಿಲಿಲ್ಲ ಛಲೋ ಮಾಡೀರಿ” ಎಂದಷ್ಟೇ ಹೇಳಿದ. ಹುಮನಾಬಾದಿನ ಆಸ್ಪತ್ರೆಯಲ್ಲಿ ಸಲೈನು ಹಚ್ಚಿ, ನೋವಿನ ಇಂಜೆಕ್ಷನ್ನು ಕೊಟ್ಟು ಮುಂದೆ ಕಳಿಸಿದರು. ನಮ್ಮ ಮನೆಯಿರುವ ಗಲ್ಲಿಯ ಬಾಯಿಯಲ್ಲೇ ಗಾಡಿ ಹಾದುಹೋಯಿತು. ಬೀದರಿನ ದಾರಿಯಲ್ಲಿ ರಸ್ತೆಯ ಪ್ರತಿ ಉಬ್ಬಿಗೂ ನಾನು ಆ ಪಟ್ಟಿಯನ್ನೇ ನೋಡುತ್ತಿದ್ದೆ, ಕೆಂಪು ಹೆಚ್ಚುತ್ತಿದೆಯೇ ಎಂದು. ಅಕ್ಕನಿಗೆ ಎಚ್ಚರವಿತ್ತು. ನನ್ನ ಕೈ ಹಿಡಿಯಲು ಹೋದರೆ ಬಿಡಿಸಿಕೊಂಡಳು.

ಡಾಕ್ಟರು ಆಸ್ಪತ್ರೆಯ ಬಾಗಿಲಲ್ಲೇ ಕಾದಿದ್ದರು. ಆಪರೇಷನ್ನು ಮಾಡಿದವರು ಬೇರೆ, ಆದರೆ ಇವರೂ ಒಳಗಿದ್ದರು. ಹೊರಗೆ ಬಂದ ಮೇಲೆ ನಮ್ಮ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, ನನಗೆ ಇಂಗ್ಲಿಷಿನಲ್ಲಿ ಹೇಳಿದರು. ತೊಡೆಯ ದೊಡ್ಡ ರಕ್ತನಾಳದ ಒಂದು ಬದಿ ಸೀಳಿತ್ತು. ಸರಳು ಆ ಸೀಳಿಗೇ ಒತ್ತಿಕೊಂಡು ನಿಂತಿತ್ತು. ಟೇಬಲ್ಲಿನ ಮೇಲೆ, ನಾಳವನ್ನು ಮೇಲೂ ಕೆಳಗೂ ಹಿಡಿದುಕೊಂಡು ಆಮೇಲೆ ತೆಗೆದರು. ಆದರೂ ಬಹಳ ರಕ್ತ ಹೋಯಿತು. “ನಿಮ್ಮ ಅಂಗಳದಲ್ಲಿ ತೆಗೆದಿದ್ದರೆ…” ಎಂದು ಅವರು ನಿಲ್ಲಿಸಿದರು. ನಾನು ಅಷ್ಟನ್ನೂ ಮಾಮಾಗೆ ಕನ್ನಡದಲ್ಲಿ ಹೇಳಿದೆ. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, “ನಾ ಎತ್ತಿದ್ದೆ. ಮೊದ್ಲ ನಾನೇ ಎತ್ತಿದ್ದೆ” ಎಂದು ಹೇಳುತ್ತಲೇ ಕೂತರು. ನಾನೂ ಕಾಲು ಹಿಡಿದಿದ್ದೆ ಮಾಮಾ ಎಂದೆ.

ಅಕ್ಕ ಬದುಕಿದಳು. ಕಾಲು ಉಳಿಯಿತು. ಪಾದದಲ್ಲಿ ಸ್ಪರ್ಶ ಅಷ್ಟಾಗಿ ಇಲ್ಲ, ನಡೆದರೆ ಸ್ವಲ್ಪ ಎಳೆಯುತ್ತಾಳೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಅವಳು ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ನಾನು ಶನಿವಾರ ಇಳಿಯುವುದನ್ನು ಬಿಡಲಿಲ್ಲ. ಹೋದರೆ ಊಟಕ್ಕೆ ಬಡಿಸುತ್ತಿದ್ದಳು, ಹೌದು ಇಲ್ಲ ಎನ್ನುತ್ತಿದ್ದಳು. ನಾನು ಮಾಡಿದ್ದು ಸರಿಯೆಂದು ಊರೆಲ್ಲ ಹೇಳುತ್ತಿತ್ತು. ಕಾಕಾ ಕೂಡ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರಂತೆ. ಅಕ್ಕ ಮಾತ್ರ ಹೇಳಲಿಲ್ಲ.

ಚಳಿಗಾಲ ಬಂದಿತ್ತು. ಹೊಸ ಮನೆಯ ಗೋಡೆಗಳಿಗೆ ಸಿಮೆಂಟಿನ ಗಿಲಾವು ಮುಗಿದಿತ್ತು. ಒಂದು ಶನಿವಾರ ನಾವಿಬ್ಬರೇ ಬಿಸಿಲಿಗೆ ಕೂತು ತೊಗರಿ ಹಸನು ಮಾಡುತ್ತಿದ್ದೆವು. ಅವಳು ಮೊರದಿಂದ ಕಣ್ಣೆತ್ತದೆ ಕೇಳಿದಳು.

“ಅವತ್ತ ನೀ ನನ್ನ ಮಾರಿ ಯಾಕ ನೋಡಲಿಲ್ಲ?”

“ನೋಡಿದ್ರ ತಗಿಸಿಬಿಡತಿದ್ದೆ ಅಕ್ಕ.”

ಅವಳು ಕೈಯಾಡಿಸುತ್ತಲೇ ಇದ್ದಳು. “ನಾ ಅಲ್ಲಿ ಒಬ್ಬಾಕಿನೇ ಇದ್ದಂಗ ಆಗಿತ್ತು. ಅಷ್ಟ ಮಂದಿ ಇದ್ರು, ನೀ ಇದ್ದಿ. ಆದ್ರೂ ಒಬ್ಬಾಕಿನೇ. ಜೀವ ಉಳಿಸಿದಿ, ಗೊತ್ತದ. ಅದು ಬ್ಯಾರೆ, ಇದು ಬ್ಯಾರೆ.”

“ಹೌದಕ್ಕ.”

“ಒಂದ್ ವ್ಯಾಳೆ ಆಕಿ ಡಾಕ್ಟರ್ ಫೋನ್ ಎತ್ತಲಿಲ್ಲ ಅಂದ್ರ?”

ಆ ಪ್ರಶ್ನೆ ನಾನು ನನಗೇ ಎಷ್ಟೋ ಸಲ ಕೇಳಿಕೊಂಡಿದ್ದೆ. ಸುಳ್ಳು ಹೇಳಲು ಆಗಲಿಲ್ಲ. “ನಿನ್ನ ಸರಳಿನ ಮ್ಯಾಲಿಂದ ಎತ್ತಿರತಿದ್ದೆವು. ನಾನೂ ಕೈ ಹಚ್ಚಿರತಿದ್ದೆ” ಎಂದೆ.

ಅಕ್ಕ ಆವತ್ತಿನ ಮೇಲೆ ಮೊದಲ ಸಲ ನನ್ನ ಮುಖ ನೋಡಿದಳು. ಆಮೇಲೆ ಮೊರವನ್ನು ನನ್ನ ಕಡೆ ಸರಿಸಿ, ನನ್ನ ಹೆಗಲ ಮೇಲೆ ಕೈಯೂರಿ, ಪೂರ್ತಿ ಭಾರ ಹಾಕಿ ಮೇಲೆದ್ದಳು. “ಕಲ್ಲ ಸರಿಯಾಗಿ ಆರಸು. ಹೋದ ಸಲ ನೀ ಹಸನ ಮಾಡಿದ ಬ್ಯಾಳ್ಯಾಗ ನಿಮ್ಮ ಮಾಮಾನ ಹಲ್ಲಿಗೆ ಸಿಕ್ಕಿತ್ತು” ಎಂದು, ಕಾಲೆಳೆಯುತ್ತ ಒಳಗೆ ಹೋದಳು.